ನಂಬರಿಲ್ಲದ ನಾಡಬಂದೂಕು

ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗದ ಹಳ್ಳಿಗಳಲ್ಲಿ ಕಾಡಿಗೂ ಗದ್ದೆಗೂ ನಡುವೆ ಅಂತರ ಕಡಿಮೆ. ಭತ್ತ ತೆನೆ ಕಟ್ಟುವ ಹೊತ್ತಿಗೆ ಕಾಡುಹಂದಿಗಳ ಹಿಂಡು ಇಳಿಯುತ್ತದೆ, ಕಬ್ಬಿಗೆ ಕಾಡುಕೋಣ ನುಗ್ಗುತ್ತದೆ. ಹೊಲ ಕಾಯಲು ರಾತ್ರಿ ಅಟ್ಟಣಿಗೆ ಏರುವ ರೈತನ ಬಳಿ ಬ್ಯಾಟರಿ ಇರುತ್ತದೆ, ಬಡಿಯಲು ಡಬ್ಬಿ ಇರುತ್ತದೆ. ಕೆಲವರ ಬಳಿ ಒಂಟಿನಳಿಗೆಯ ಬಂದೂಕೂ ಉಂಟು.

ಇಂಥ ಎರಡು ಬಂದೂಕುಗಳು ಅಕ್ಕಪಕ್ಕದ ಎರಡು ಮನೆಗಳಲ್ಲಿವೆ ಎಂದುಕೊಳ್ಳೋಣ. ಎರಡೂ ನಳಿಗೆಯ ಬಾಯಿಯಿಂದ ಮದ್ದು ತುಂಬುವಂಥವು, ಎರಡರ ಉದ್ದೇಶವೂ ಹಂದಿ ಓಡಿಸುವುದೇ. ಆದರೆ ಒಂದು ಕಾನೂನುಬದ್ಧ. ಇನ್ನೊಂದು ಮನೆಯ ಯಜಮಾನನನ್ನು ಜೈಲಿಗೆ ಕಳಿಸಬಲ್ಲದು. ವ್ಯತ್ಯಾಸ ಇರುವುದು ಬಂದೂಕಿನ ಶಕ್ತಿಯಲ್ಲಲ್ಲ. ಅದರ ಮೇಲಿನ ನಂಬರಿನಲ್ಲಿ ಮತ್ತು ಪೆಟ್ಟಿಗೆಯಲ್ಲಿರುವ ಒಂದು ಕಾಗದದಲ್ಲಿ.

ಆಯುಧಕ್ಕೆ ಸರ್ಕಾರದ ಅಪ್ಪಣೆ ಬೇಕೆಂಬ ನಿಯಮ ಈ ಸೀಮೆಯಲ್ಲಿ ರಕ್ತ ಹರಿಸಿಯೇ ಕಾಲಿಟ್ಟಿತು. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಜಾರಿಗೆ ತಂದಾಗ, ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿರುವ, ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ತಮ್ಮ ಆಯುಧ ಒಪ್ಪಿಸಲು ನಿರಾಕರಿಸಿದರು. ಆ ವರ್ಷದ ನವೆಂಬರಿನಲ್ಲಿ ಸೈನ್ಯ ಊರಿಗೆ ನುಗ್ಗಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಬೇಡರನ್ನು ಗಲ್ಲಿಗೇರಿಸಲಾಯಿತು. ಆ ಕಥೆಯನ್ನು ಲಾವಣಿಕಾರರು ಊರೂರಿಗೆ ಒಯ್ದರು. ಬಳಿಕ ಲಾರ್ಡ್ ಲಿಟ್ಟನ್ ಕಾಲದ 1878ರ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರಿಗೆ ಪರವಾನಗಿ ಕಡ್ಡಾಯ ಮಾಡಿ, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು.

ಸ್ವತಂತ್ರ ಭಾರತ ಅದನ್ನು ರದ್ದುಮಾಡಿ 1959ರಲ್ಲಿ ಹೊಸ ಕಾಯ್ದೆ ಮಾಡಿತು. ಅದು 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ ಮೂರು ಕಲಮುಗಳನ್ನು ತಿಳಿದರೆ ನಾಡಬಂದೂಕಿನ ಸ್ಥಿತಿ ಅರ್ಥವಾಗುತ್ತದೆ. ಮೂರನೆಯ ಕಲಮಿನಂತೆ ಪರವಾನಗಿಯಿಲ್ಲದೆ ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಐದನೆಯದರಂತೆ ಬಂದೂಕು ತಯಾರಿಸಲು, ಮಾರಲು, ದುರಸ್ತಿ ಮಾಡಲು ಬೇರೆಯೇ ಪರವಾನಗಿ ಬೇಕು. ದೊಡ್ಡ ಕಾರ್ಖಾನೆಗೂ ಹಳ್ಳಿಯ ಕಮ್ಮಾರನ ಕುಲುಮೆಗೂ ಇಲ್ಲಿ ಭೇದವಿಲ್ಲ. ಎಂಟನೆಯ ಕಲಮಿನಂತೆ ತಯಾರಕನ ಹೆಸರು, ನಂಬರು ಅಥವಾ ಬೇರೆ ಗುರುತಿನ ಮುದ್ರೆ ಇಲ್ಲದ ಬಂದೂಕನ್ನು ಮಾರುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ.

ಹಾಗೆಂದು ಕಾಯ್ದೆ ರೈತನನ್ನು ಮರೆತಿಲ್ಲ. ಹದಿಮೂರನೆಯ ಕಲಮು, ನಿಜವಾಗಿಯೂ ಬೆಳೆ ಕಾಯುವುದಕ್ಕೆಂದು ಬಾಯಿಯಿಂದ ಮದ್ದು ತುಂಬುವ ಬಂದೂಕು ಕೇಳಿದವನಿಗೆ, ನಿರಾಕರಿಸಲು ಕಾನೂನಿನ ಕಾರಣವಿಲ್ಲದಿದ್ದರೆ, ಪರವಾನಗಿ ಕೊಡತಕ್ಕದ್ದು ಎನ್ನುತ್ತದೆ. ಖಾನಾಪುರದವರು ಇದಕ್ಕಾಗಿ ಬೆಳಗಾವಿಯ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ಬೆಳಗಾವಿ ನಗರದಂತೆ ಪೊಲೀಸ್ ಆಯುಕ್ತರಿರುವ ಕಡೆ ಈ ಅಧಿಕಾರ ಆಯುಕ್ತರದು. ಪೊಲೀಸ್ ವರದಿ ಬರಬೇಕು. ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಗೆ ಅವಕಾಶವಿದೆ.

ಅಂದರೆ ಬೆಳೆ ಕಾಯಲು ಬಂದೂಕು ಪಡೆಯುವ ದಾರಿ ಇದೆ. ಪರವಾನಗಿಯಿಲ್ಲದೆ ಕುಲುಮೆಯಲ್ಲಿ ಮಾಡಿಸಿಕೊಂಡ ಬಂದೂಕಿಗೆ ಮಾತ್ರ ಆ ದಾರಿ ಮುಚ್ಚಿದೆ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಸ್ವಂತ ಬಳಕೆಗೆ ಸಾಮಾನ್ಯ ಬಂದೂಕನ್ನು ಮನೆಯಲ್ಲೇ ಮಾಡಿಕೊಳ್ಳಲು ಪರವಾನಗಿ ಬೇಕಿಲ್ಲ, ಮಾರುವ ವ್ಯಾಪಾರಕ್ಕೆ ಬೇಕು. ಭಾರತದ ಕಾನೂನು ಮಾಡುವ ಕೈಯನ್ನೇ ಮೊದಲು ಹಿಡಿಯುತ್ತದೆ.

ಆ ಹಿಡಿತ 2019ರ ಡಿಸೆಂಬರಿನ ತಿದ್ದುಪಡಿಯಿಂದ ಇನ್ನಷ್ಟು ಬಿಗಿಯಾಯಿತು. ಅಕ್ರಮವಾಗಿ ಬಂದೂಕು ತಯಾರಿಸಿದವನಿಗೆ ಹಿಂದೆ 3ರಿಂದ 7 ವರ್ಷಗಳ ಶಿಕ್ಷೆಯಿತ್ತು. ಈಗ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಪರವಾನಗಿಯಿಲ್ಲದೆ ಸಾಮಾನ್ಯ ಬಂದೂಕು ಇಟ್ಟುಕೊಂಡವನಿಗೆ 2ರಿಂದ 5 ವರ್ಷ. ಇಟ್ಟುಕೊಂಡ ಪ್ರಕರಣದಲ್ಲಿ ವಿಶೇಷ ಕಾರಣಗಳಿದ್ದರೆ, ಅವನ್ನು ತೀರ್ಪಿನಲ್ಲಿ ಬರೆದು ನ್ಯಾಯಾಲಯ ಶಿಕ್ಷೆ ತಗ್ಗಿಸಬಹುದು.

ಇಷ್ಟು ಬಿಗಿ ಏಕೆಂಬುದಕ್ಕೆ ಉತ್ತರ ದೂರದಲ್ಲಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತರಾದರು. ಎರಡೂ ಕಡೆ ಗುಂಡು ಹಾರಿದ್ದು 7.65 ಮಿ.ಮೀ.ನ ಒಂದೇ ನಾಡಪಿಸ್ತೂಲಿನಿಂದ ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಅಂಗಡಿಯಲ್ಲಿ ಮಾರಿದ ಪಿಸ್ತೂಲಾದರೆ ನಂಬರು ಹಿಡಿದು ಕೊಂಡವನ ಮನೆಗೆ ಹೋಗಬಹುದು. ನಾಡಪಿಸ್ತೂಲಿಗೆ ಹುಟ್ಟಿದ ಊರೂ ಇಲ್ಲ, ಕೈಬದಲಾದ ದಾಖಲೆಯೂ ಇಲ್ಲ. ಗುಂಡು ಮತ್ತು ತೋಟಾದ ಮೇಲೆ ಉಳಿದ ಗೀರುಗಳೇ ಅದರ ಜಾತಕ.

ಕರ್ನಾಟಕದಲ್ಲೇ ಇನ್ನೊಂದು ಮಾದರಿಯೂ ಉಂಟು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಬಂದೂಕು ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ರಾಜ್ಯ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಇಟ್ಟುಕೊಳ್ಳಲು ಮಾತ್ರ, ತಯಾರಿಸಲು ಅಲ್ಲ.

ಖಾನಾಪುರಕ್ಕೆ ಅಂಥ ವಿನಾಯಿತಿಯಿಲ್ಲ. ಬದಲಿಗೆ ಇನ್ನೊಂದು ಗಂಟಿದೆ. ತಾಲ್ಲೂಕಿನ ಭೀಮಗಡ ಅರಣ್ಯವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. 1972ರ ವನ್ಯಜೀವಿ ಕಾಯ್ದೆಯ 34ನೆಯ ಕಲಮಿನಂತೆ ವನ್ಯಜೀವಿಧಾಮದ 10 ಕಿ.ಮೀ. ಸುತ್ತಳತೆಯೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಾನುಮತಿಯಿಲ್ಲದೆ ಹೊಸ ಬಂದೂಕು ಪರವಾನಗಿ ಕೊಡುವಂತಿಲ್ಲ. ಹಂದಿಯ ಕಾಟ ಎಲ್ಲಿ ಹೆಚ್ಚೋ ಅಲ್ಲಿಯೇ ಪರವಾನಗಿ ಕಷ್ಟ. ಪರವಾನಗಿ ಸಿಕ್ಕಿತೆಂದು ಪ್ರಾಣಿಯನ್ನು ಕೊಲ್ಲುವ ಹಕ್ಕೂ ಬರುವುದಿಲ್ಲ. ಬೇಟೆಗೆ ವನ್ಯಜೀವಿ ಕಾಯ್ದೆಯಡಿ ಪ್ರತ್ಯೇಕ ಅನುಮತಿ ಬೇಕು.

ಅಜ್ಜನ ಕಾಲದ ಬಂದೂಕು ಜಂತಿಯ ಮೇಲೆ ಇರುವ ಮನೆಗಳಿಗೂ ಒಂದು ಮಾತು. ಪರವಾನಗಿ ಅಜ್ಜನ ಹೆಸರಿನಲ್ಲಿದ್ದರೆ ಅದು ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ. ಅವರು ತೀರಿಕೊಂಡ ಮೇಲೆ ಬಂದೂಕನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿಯಿಟ್ಟು, ವಾರಸುದಾರ ತನ್ನ ಹೆಸರಿಗೆ ಅರ್ಜಿ ಹಾಕಬೇಕು. ದುರಸ್ತಿ ಮಾಡಿದರೂ ಸಿಡಿಯದಷ್ಟು ಕೆಟ್ಟ ಹಳೆಯ ಬಂದೂಕಿಗೆ ಮಾತ್ರ ಕಾಯ್ದೆ ಅನ್ವಯಿಸುವುದಿಲ್ಲ. ತುಕ್ಕು ಹಿಡಿದಿದೆ ಎಂಬಷ್ಟೇ ಕಾರಣ ಸಾಲದು.

ಕೊಲೆಗಾರನ ಪಿಸ್ತೂಲನ್ನು ತಡೆಯಲು ಬಿಗಿಗೊಳಿಸಿದ ಕಾನೂನೇ ಹಂದಿ ಓಡಿಸಲು ಮಾಡಿಸಿಕೊಂಡ ನಾಡಬಂದೂಕನ್ನೂ ಅಳೆಯುತ್ತದೆ. ಬೆಳೆರಕ್ಷಣೆಯ ಪರವಾನಗಿ ಸಕಾಲಕ್ಕೆ ಸಿಗುವಂತಾದರೆ, ಬೆಳೆಹಾನಿಗೆ ಪರಿಹಾರ ಬೇಗ ಕೈಸೇರಿದರೆ, ಕುಲುಮೆಯ ಬಾಗಿಲು ತಟ್ಟುವವರು ಕಡಿಮೆಯಾದಾರು. ಅಲ್ಲಿಯವರೆಗೆ ಖಾನಾಪುರದ ರೈತ ಕಾಡುಹಂದಿಗೂ ಕಾನೂನಿಗೂ ನಡುವೆ ಅಟ್ಟಣಿಗೆಯ ಮೇಲೆ ಎಚ್ಚರವಾಗಿ ಕೂತಿರಬೇಕು.