ಶಾಸನಸಂಖ್ಯೆಗಳ ಗಣಕಚಿತ್ರಣ: ರಚನೆ ಮತ್ತು ಪರೀಕ್ಷೆ

ಶಾಸನಗಳ ಮತ್ತು ಓಲೆಗರಿಯ ಪ್ರತಿಗಳ ಕಾಲ, ಲಿಪಿ, ಸ್ಥಳ ಮೊದಲಾದ ವಿವರಗಳನ್ನು ಸೂಚಿಗಳಲ್ಲಿ ದಾಖಲಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಈ ಸೂಚಿಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿದ ಮೇಲೆ ಅವೇ ವಿವರಗಳಿಂದ ರೇಖೆ, ಸ್ತಂಭ, ವೃತ್ತ, ಭೂಪಟಗಳನ್ನು ಕ್ಷಣಮಾತ್ರದಲ್ಲಿ ಬರೆಯಿಸಿಕೊಳ್ಳುವುದು ಸಾಧ್ಯವಾಗಿದೆ. ಆದರೆ ಚಿತ್ರ ಸುಲಭವಾಗಿ ದೊರೆಯುವುದು ಬೇರೆ, ಅದು ಯಥಾರ್ಥವನ್ನು ತಿಳಿಸುವುದು ಬೇರೆ. ಶುದ್ಧಪಾಠವನ್ನು ಅಪಪಾಠದಿಂದ ಬೇರ್ಪಡಿಸಲು ಗ್ರಂಥಸಂಪಾದನೆಯಲ್ಲಿ ನಿಯಮಗಳಿರುವಂತೆ ಸಂಖ್ಯಾಚಿತ್ರಗಳ ಗುಣದೋಷಗಳನ್ನು ನಿರ್ಣಯಿಸಲೂ ನಿಯಮಗಳುಂಟು. ಅವನ್ನು ಅರಿಯದೆ ಚಿತ್ರವನ್ನು ಪ್ರಮಾಣವೆಂದು ಅಂಗೀಕರಿಸಿದಲ್ಲಿ ಇತಿಹಾಸದ ನಿರ್ಣಯವೇ ದಾರಿ ತಪ್ಪುವ ಸಂಭವವಿದೆ.

ಸಂಖ್ಯೆಗಳನ್ನು ರೇಖೆ ಮತ್ತು ಸ್ತಂಭಗಳ ರೂಪದಲ್ಲಿ ತೋರಿಸುವ ಕ್ರಮವನ್ನು 1786ರಲ್ಲಿ ವಿಲಿಯಂ ಪ್ಲೇಫೇರ್ ತನ್ನ ವಾಣಿಜ್ಯಪಟಗಳಲ್ಲಿ ಬಳಕೆಗೆ ತಂದನು. ಫ್ರಾನ್ಸಿನ ಜಾಕ್ ಬರ್ತಾಂ 1967ರ ತನ್ನ ಗ್ರಂಥದಲ್ಲಿ ಸ್ಥಾನ, ಗಾತ್ರ, ಛಾಯೆ, ಬಣ್ಣ, ಆಕಾರ ಮುಂತಾದ ದೃಶ್ಯಗುಣಗಳನ್ನು ವಿಂಗಡಿಸಿ, ಯಾವ ಬಗೆಯ ಮಾಹಿತಿಗೆ ಯಾವ ಗುಣ ಹೊಂದುವುದೆಂದು ವಿವೇಚಿಸಿದನು. 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಆನ್ಸ್‌ಕಂಬ್ ನಾಲ್ಕು ಪಟ್ಟಿಗಳನ್ನು ಪ್ರಕಟಿಸಿದನು. ಒಂದೊಂದರಲ್ಲಿ 11 ಜೋಡಿ ಅಂಕಿಗಳಿದ್ದು, ನಾಲ್ಕರ ಸರಾಸರಿಗಳೂ ಪರಸ್ಪರ ಸಂಬಂಧದ ಪ್ರಮಾಣವೂ ಬಹುಮಟ್ಟಿಗೆ ಒಂದೇ ಆಗಿದ್ದವು. ಚಿತ್ರಿಸಿದಾಗ ಮಾತ್ರ ಒಂದು ನೇರವಾಗಿಯೂ ಇನ್ನೊಂದು ಬಾಗಿಯೂ ಕಂಡವು. ಉಳಿದೆರಡರ ರೂಪವನ್ನು ಒಂದೊಂದು ಬಿಡಿ ಬಿಂದುವೇ ಕೆಡಿಸಿತ್ತು. ಚಿತ್ರದ ಅವಶ್ಯಕತೆ ಎಷ್ಟೆಂಬುದು ಇದರಿಂದ ವಿದಿತವಾಗುತ್ತದೆ.

1984ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ ಎಂಬ ವಿದ್ವಾಂಸರು ಕಣ್ಣಿನ ಅಳತೆಯನ್ನೇ ಪರೀಕ್ಷೆಗೆ ಒಳಪಡಿಸಿದರು. ಒಂದೇ ಮಾನರೇಖೆಯ ಮೇಲಿನ ಸ್ಥಾನವನ್ನು ನೋಡುಗರು ಅತ್ಯಂತ ನಿಖರವಾಗಿ ಅಳೆಯುತ್ತಾರೆ. ಉದ್ದ ಮತ್ತು ಕೋನಗಳಲ್ಲಿ ನಿಖರತೆ ಕಡಿಮೆ. ವಿಸ್ತೀರ್ಣದಲ್ಲಿ ಇನ್ನೂ ಕಡಿಮೆ. ಬಣ್ಣದ ಗಾಢತೆಯಿಂದ ಪ್ರಮಾಣವನ್ನು ಊಹಿಸುವುದು ಬಹು ಕಷ್ಟ. ಈ ತಾರತಮ್ಯವೇ ಚಿತ್ರರಚನೆಯ ಮೊದಲ ಸೂತ್ರವಾಗಿದೆ.

ಇದನ್ನು ಶ್ರವಣಬೆಳಗೊಳದ ಶಾಸನಗಳಿಗೆ ಅನ್ವಯಿಸಿ ನೋಡಬಹುದು. ಬಿ. ಎಲ್. ರೈಸ್ 1889ರಲ್ಲಿ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಆವೃತ್ತಿಯಲ್ಲಿ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ 1973ರ ಆವೃತ್ತಿಯಲ್ಲಿ 573 ಶಾಸನಗಳಿವೆ. ಕಡೆಯ ಎರಡು ಸಂಖ್ಯೆಗಳಿಗೆ ಸ್ತಂಭ ನಿಲ್ಲಿಸುವಾಗ ಮಾನರೇಖೆಯನ್ನು ಸೊನ್ನೆಯ ಬದಲು 480ರಿಂದ ಆರಂಭಿಸಿದರೆ ಮೊದಲ ಸ್ತಂಭದ ಎತ್ತರ 20, ಎರಡನೆಯದು 93 ಆಗುತ್ತದೆ. ಹೆಚ್ಚಳ ನಾಲ್ಕೂವರೆ ಪಟ್ಟಿಗೂ ಮಿಗಿಲೆಂದು ಕಣ್ಣು ಭ್ರಮಿಸುತ್ತದೆ. ವಾಸ್ತವವಾಗಿ ಅದು ನೂರಕ್ಕೆ 15ನ್ನೂ ಮುಟ್ಟುವುದಿಲ್ಲ. ಸ್ತಂಭದ ಉದ್ದವೇ ಪ್ರಮಾಣವನ್ನು ಹೇಳುವುದರಿಂದ ಅದರ ಬುಡ ಸೊನ್ನೆಯಲ್ಲಿರತಕ್ಕದ್ದು.

ಇನ್ನು ಕಾಲರೇಖೆ. ಮೂರು ಆವೃತ್ತಿಗಳನ್ನು ಸಮದೂರದಲ್ಲಿ ಗುರುತಿಸಿದರೆ ಎರಡನೆಯ ಅವಧಿಯಲ್ಲಿ ಶೋಧದ ವೇಗ ಐದನೆಯ ಒಂದು ಪಾಲಿಗೆ ಇಳಿದಂತೆ ತೋರುತ್ತದೆ. ಆದರೆ ಮೊದಲ ಅಂತರ 34 ವರ್ಷ, ಎರಡನೆಯದು 50 ವರ್ಷ. ಲೆಕ್ಕ ಹಾಕಿದರೆ ಮೊದಲ ಅವಧಿಯಲ್ಲಿ ದಶಕಕ್ಕೆ ಸುಮಾರು 105 ಶಾಸನಗಳೂ ಎರಡನೆಯದರಲ್ಲಿ ಸುಮಾರು 15 ಶಾಸನಗಳೂ ಸೇರಿದಂತಾಗುತ್ತದೆ. ಅಂದರೆ ಇಳಿಕೆ ಏಳನೆಯ ಒಂದು ಪಾಲಿಗೆ. ವರ್ಷಗಳ ಅಂತರ ರೇಖೆಯ ಮೇಲೂ ಅದೇ ಅನುಪಾತದಲ್ಲಿರಬೇಕು.

ಈ 573 ಶಾಸನಗಳಲ್ಲಿ ಚಂದ್ರಗಿರಿಯಲ್ಲಿ 271, ವಿಂಧ್ಯಗಿರಿಯಲ್ಲಿ 172, ಊರಿನಲ್ಲಿ 80, ಸುತ್ತಲಿನ ಗ್ರಾಮಗಳಲ್ಲಿ 50 ಇವೆ. ಇವನ್ನು ನಾಲ್ಕು ಬಿಡಿ ವೃತ್ತಗಳಾಗಿ ಬರೆದು ತ್ರಿಜ್ಯವನ್ನು ಸಂಖ್ಯೆಗೆ ಅನುಗುಣವಾಗಿ ಹಿಗ್ಗಿಸಿದರೆ ಚಂದ್ರಗಿರಿಯ ವೃತ್ತ ಗ್ರಾಮಗಳ ವೃತ್ತಕ್ಕಿಂತ 29 ಪಟ್ಟು ದೊಡ್ಡದಾಗುತ್ತದೆ. ನಿಜವಾದ ಅನುಪಾತ ಐದೂವರೆ ಪಟ್ಟಿಗೂ ಕಡಿಮೆ. ಒಂದೇ ಮಾನರೇಖೆಯ ಮೇಲೆ ನಾಲ್ಕು ಅಡ್ಡಪಟ್ಟಿಗಳನ್ನು ಎಳೆದರೆ ಈ ದೋಷಕ್ಕೆ ಎಡೆಯೇ ಇರುವುದಿಲ್ಲ.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಕಾಲನಿರ್ಣಯದ ಪ್ರಶ್ನೆ. ಶಕವರ್ಷವುಳ್ಳ ಶಾಸನದ ಕಾಲ ಖಚಿತ. ಅಕ್ಷರಸ್ವರೂಪದಿಂದ ಮಾತ್ರ ಕಾಲವನ್ನು ಊಹಿಸಿದ ಶಾಸನಕ್ಕೆ ಒಂದು ಶತಮಾನದ ವ್ಯಾಪ್ತಿಯಿರಬಹುದು. ಗಣಕದ ಪಟ್ಟಿಯಲ್ಲಿ ವರ್ಷದ ಅಂಕಣಕ್ಕೆ ಒಂದೇ ಅಂಕಿ ಬೇಕೆಂದು 'ಸುಮಾರು 12ನೆಯ ಶತಮಾನ' ಎಂಬುದನ್ನು 1150 ಎಂದು ನಮೂದಿಸಿದರೆ, ಅಂತಹ ಶಾಸನಗಳೆಲ್ಲ ಒಂದೇ ವರ್ಷದಲ್ಲಿ ರಾಶಿಯಾಗಿ ಎತ್ತರದ ಶಿಖರವೊಂದು ಮೂಡುತ್ತದೆ. ಆ ಶಿಖರಕ್ಕೆ ರಾಜಾಶ್ರಯವನ್ನೋ ಧಾರ್ಮಿಕ ಉತ್ಸಾಹವನ್ನೋ ಕಾರಣವಾಗಿ ಕಲ್ಪಿಸಿದರೆ ಅದು ನಮೂದಿನ ದೋಷದ ಮೇಲೆ ಕಟ್ಟಿದ ಇತಿಹಾಸವಾದೀತು. ಖಚಿತ ಕಾಲವುಳ್ಳವನ್ನು ಬಿಂದುವಾಗಿಯೂ ಊಹಿತ ಕಾಲದವನ್ನು ಇಡೀ ವ್ಯಾಪ್ತಿಯುದ್ದಕ್ಕೂ ತಿಳಿಯಾದ ರೇಖೆಯಾಗಿಯೂ ತೋರಿಸುವುದು ಪ್ರಾಮಾಣಿಕ ಕ್ರಮ. ಇದಲ್ಲದೆ, ಅಂತಹ ಚಿತ್ರ ಉಳಿದು ದೊರೆತ ಶಾಸನಗಳನ್ನಷ್ಟೇ ಎಣಿಸುತ್ತದೆ; ಕೆತ್ತಿಸಿದವೆಲ್ಲವನ್ನೂ ಎಣಿಸುವುದಿಲ್ಲವೆಂಬುದು ಶೀರ್ಷಿಕೆಯಲ್ಲಿಯೇ ಸ್ಪಷ್ಟವಾಗಿರಬೇಕು.

ರಚಿತವಾದ ಚಿತ್ರವನ್ನು ಪರೀಕ್ಷಿಸುವ ಬಗೆಯೂ ಶಾಸ್ತ್ರೀಯವಾಗಿರಬೇಕು. 'ಅಂದವಾಗಿದೆ' ಎಂಬ ಮೆಚ್ಚುಗೆ ಪರೀಕ್ಷೆಯೆನಿಸದು. ಒಂದೇ ಅಂಕಿಅಂಶವನ್ನು ಎರಡು ರೀತಿಯಲ್ಲಿ ಚಿತ್ರಿಸಿ, ರಚನೆಯಲ್ಲಿ ಭಾಗಿಗಳಲ್ಲದ ಓದುಗರ ಮುಂದಿಟ್ಟು, 'ಊರಿನ ಶಾಸನಗಳು ವಿಂಧ್ಯಗಿರಿಯ ಶಾಸನಗಳಲ್ಲಿ ಎಷ್ಟನೆಯ ಪಾಲು?' ಎಂಬಂತಹ ನಿರ್ದಿಷ್ಟ ಪ್ರಶ್ನೆ ಕೇಳಬೇಕು. ಉತ್ತರದಲ್ಲಿನ ತಪ್ಪನ್ನೂ ತೆಗೆದುಕೊಂಡ ಸಮಯವನ್ನೂ ಗುರುತಿಸಬೇಕು. ಮೊದಲು ನೋಡಿದ ಚಿತ್ರದ ಪ್ರಭಾವ ಎರಡನೆಯದರ ಮೇಲೆ ಬೀಳದಂತೆ ಅವುಗಳ ಕ್ರಮವನ್ನು ಓದುಗರಿಂದ ಓದುಗರಿಗೆ ಬದಲಿಸಬೇಕು. 2010ರಲ್ಲಿ ಹೀರ್ ಮತ್ತು ಬೊಸ್ಟಾಕ್ ಕ್ಲೀವ್‌ಲೆಂಡರ ಪ್ರಯೋಗವನ್ನು ಅಂತರ್ಜಾಲದ ಮೂಲಕ ಪುನಃ ನಡೆಸಿದಾಗ ಹಿಂದಿನದನ್ನೇ ಹೋಲುವ ಫಲಿತಾಂಶ ಬಂದಿತು.

2009ರಲ್ಲಿ ತಮಾರಾ ಮುಂಜ್ನರ್ ಈ ಪರೀಕ್ಷೆಯನ್ನು ಒಂದರೊಳಗೊಂದು ಅಡಕವಾದ ನಾಲ್ಕು ಹಂತಗಳಾಗಿ ವಿಂಗಡಿಸಿದರು. ಓದುಗನ ನಿಜವಾದ ಪ್ರಶ್ನೆ, ಅದಕ್ಕೆ ತಕ್ಕ ಮಾಹಿತಿಯ ರೂಪ, ಚಿತ್ರದ ವಿನ್ಯಾಸ, ಗಣಕದ ಕಾರ್ಯವಿಧಾನ ಎಂಬಿವೇ ಆ ಹಂತಗಳು. ಮೇಲಿನ ಹಂತದ ದೋಷ ಕೆಳಗಿನವುಗಳಿಗೆಲ್ಲ ಹರಿಯುತ್ತದೆ. 1150 ಎಂಬ ನಮೂದು ಎರಡನೆಯ ಹಂತದ ದೋಷ. ಬಣ್ಣ, ವಿನ್ಯಾಸಗಳನ್ನು ಎಷ್ಟು ತಿದ್ದಿದರೂ ಅದು ನಿವಾರಣೆಯಾಗದು.

ಆದ್ದರಿಂದ ಈ ವಿದ್ಯೆಯನ್ನು ಕಲಿಯುವವರು ಮೊದಲು ಸಣ್ಣ ಪಟ್ಟಿಯೊಂದನ್ನು ಕೈಯಿಂದಲೇ ಎರಡು ಮೂರು ಬಗೆಯಲ್ಲಿ ಚಿತ್ರಿಸುವುದು ಲೇಸು. ಅನಂತರ ಗಣಕಕ್ಕೆ ಕೊಟ್ಟು, ಮಾನರೇಖೆಯ ಆರಂಭ, ಕಾಲದ ಅಂತರ, ಬಣ್ಣಗಳ ವಿಷಯದಲ್ಲಿ ಯಂತ್ರ ತಾನೇ ಮಾಡಿದ ಆಯ್ಕೆಗಳನ್ನು ಒಂದೊಂದಾಗಿ ಪರಿಶೀಲಿಸಬೇಕು. ಪ್ರಕಟಿಸುವಾಗ ಚಿತ್ರದೊಡನೆ ಮೂಲ ಪಟ್ಟಿಯನ್ನೂ ಕೊಡುವುದು ಅವಶ್ಯ. ಸ್ವೀಕೃತ ಪಾಠದ ಕೆಳಗೆ ಪಾಠಾಂತರಗಳಿದ್ದರೆ ಸಂಪಾದಕನ ನಿರ್ಣಯವನ್ನು ಓದುಗನು ತೂಗಿ ನೋಡಬಲ್ಲನು. ಪಟ್ಟಿ ಜೊತೆಗಿದ್ದಲ್ಲಿ ಚಿತ್ರಕಾರನ ನಿರ್ಣಯಕ್ಕೂ ಅದೇ ಪರೀಕ್ಷೆ ಒದಗುತ್ತದೆ.