ಹಳೆಯ ಹೈಬ್ರಿಡ್ ಕಾರು: ರಾಯಚೂರಿನ ಬಿಸಿಲು ಕಲಿಸಿದ ಪಾಠ

ನಮ್ಮ ಬೆಳೆಗಾರ ಬಂಧುಗಳಲ್ಲಿ ಕೆಲವರು ಈಚೆಗೆ ಹಳೆಯ ಹೈಬ್ರಿಡ್ ಕಾರುಗಳನ್ನು ಕೊಳ್ಳುತ್ತಿದ್ದಾರೆ. ಬಿಡದಿಯಲ್ಲಿ 2013ರಿಂದಲೇ ಇಂಥ ಕಾರಿನ ಜೋಡಣೆ ಆರಂಭವಾದುದರಿಂದ, ಲಕ್ಷ ಕಿಲೋಮೀಟರು ದಾಟಿದ ಗಾಡಿಗಳೂ ಮಾರಾಟಕ್ಕೆ ಬರುತ್ತಿವೆ. ಆದರೆ "ದೊಡ್ಡ ಬ್ಯಾಟರಿ ಕೈಕೊಟ್ಟರೆ ಗತಿಯೇನು?" ಎಂಬ ಅಂಜಿಕೆ ಎಲ್ಲರಲ್ಲಿಯೂ ಇದೆ. ಸದಸ್ಯರೊಬ್ಬರು ಎಚ್ಚರಿಕೆಯ ದೀಪ ಹತ್ತಿದ್ದಕ್ಕೇ ಹೆದರಿ, ಕಾರನ್ನು ಬಂದಷ್ಟು ಬೆಲೆಗೆ ಮಾರಿಬಿಟ್ಟರು. ಅಂಥ ನಷ್ಟ ಇನ್ನೊಬ್ಬರಿಗೆ ಆಗಬಾರದೆಂದು ನಮ್ಮ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ತೋಟದ ಕೊಯ್ಲಿಗೆ ಬರುವ ಆಳುಗಳಲ್ಲಿ ಹೆಚ್ಚಿನವರು ದೇವದುರ್ಗ ಮತ್ತು ಮಾನ್ವಿ ಕಡೆಯವರು. 2025ರ ಏಪ್ರಿಲ್ ಕೊನೆಯಲ್ಲಿ, ಹಳೆಯ ಲೆಕ್ಕ ಚುಕ್ತಾ ಮಾಡಿ ಮುಂದಿನ ಕೊಯ್ಲಿನ ಮಾತಾಡಿ ಬರೋಣವೆಂದು ಅವರ ಊರುಗಳಿಗೆ ಹೊರಟೆವು. ಕಾರು ಹತ್ತು ವರ್ಷದ್ದು. 1,83,000 ಕಿಲೋಮೀಟರು ಓಡಿತ್ತು. ದೇವದುರ್ಗದ ಕೆಲಸ ಮುಗಿಸಿ ಮಾನ್ವಿಯಲ್ಲಿ ಎರಡು ಮೂಟೆ ಸೋನಾ ಮಸೂರಿ ಅಕ್ಕಿ ಕೊಂಡು ಹಿಂದಿನ ಸೀಟಿನ ಮೇಲೆ ಹೇರಿದೆವು. ಪೆಟ್ರೋಲು ಉಳಿಯಲಿ ಎಂದು ಎ.ಸಿ.ಯನ್ನೂ ಆರಿಸಿ ರಾಯಚೂರಿನ ದಾರಿ ಹಿಡಿದೆವು. ಹೊರಗೆ 40 ಡಿಗ್ರಿ ಮೀರಿದ ಬಿಸಿಲು. ರಾಯಚೂರು ತಲುಪುವ ಮೊದಲೇ ದೀಪ ಹತ್ತಿತು, ಗಾಡಿಯ ಎಳೆತ ಕುಗ್ಗಿತು.

ನಗರದ ಒಂದು ಗ್ಯಾರೇಜಿನಲ್ಲಿ ಮುಚ್ಚಳವನ್ನೂ ತೆರೆಯದೆ, "ಬ್ಯಾಟರಿ ಸತ್ತಿದೆ, ಹೊಸದಕ್ಕೆ ಲಕ್ಷ ಮೀರುತ್ತದೆ" ಎಂದರು. ನಮ್ಮ ಎದೆ ಧಸಕ್ಕೆಂದಿತು. ಜೊತೆಗಿದ್ದ ದೇವದುರ್ಗದ ಮೇಸ್ತ್ರಿ ಮಾತ್ರ, "ಇಂಥಾ ಬಿಸಿಲಾಗ ನಾವು ಎತ್ತು ಸೈತ ಹೂಡಂಗಿಲ್ರೀ ಸಾಹೇಬ್ರ. ಗಾಡಿಗೂ ಒಂದೀಟು ಉಸಿರು ಬೇಕಲ್ರೀ" ಎಂದ. ಮಾತು ಸುಳ್ಳಾಗಲಿಲ್ಲ. ಮರುದಿನ ಹೈಬ್ರಿಡ್ ಕೆಲಸ ಬಲ್ಲ ತಂತ್ರಜ್ಞರೊಬ್ಬರು ಸ್ಕ್ಯಾನರ್ ಜೋಡಿಸಿ ಬ್ಯಾಟರಿಯ ಒಂದೊಂದು ಬ್ಲಾಕಿನ ವೋಲ್ಟೇಜನ್ನೂ ನೋಡಿದರು. ಎಲ್ಲವೂ ಹೆಚ್ಚುಕಡಿಮೆ ಒಂದೇ ಸಮನಾಗಿದ್ದವು. ಕೆಟ್ಟದ್ದು ಬ್ಯಾಟರಿಯಲ್ಲ, ಅದಕ್ಕೆ ಗಾಳಿ ಸಿಕ್ಕಿರಲಿಲ್ಲ. ಹಿಂದಿನ ಸೀಟಿನ ಬಳಿಯ ಗಾಳಿಕಿಂಡಿಯನ್ನು ಅಕ್ಕಿಮೂಟೆ ಮುಚ್ಚಿತ್ತು; ಒಳಗಿನ ಫ್ಯಾನಿಗೆ ವರ್ಷಗಳ ಧೂಳೂ ಹತ್ತಿಯ ನವಿರೂ ಮೆತ್ತಿಕೊಂಡಿದ್ದವು. ಶುಚಿಮಾಡಿದ ಮೇಲೆ ದೀಪ ಆರಿತು. ಕಾರು ಇಂದಿಗೂ ಓಡುತ್ತಿದೆ.

ಇದರ ಕಾರಣವನ್ನು ತಿಳಿದಿರುವುದು ಒಳ್ಳೆಯದು. ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುತ್ತದೆ. ಬ್ರೇಕ್ ಹಾಕುವಾಗ, ಘಾಟಿ ಇಳಿಯುವಾಗ ಮೋಟಾರೇ ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ತುಂಬುತ್ತದೆ. ಕಾರಿನ ಗಣಕವು ಬ್ಯಾಟರಿಯನ್ನು ಪೂರ್ತಿ ತುಂಬಲೂ ಬಿಡದು, ಪೂರ್ತಿ ಬರಿದಾಗಲೂ ಬಿಡದು. ಆದ್ದರಿಂದಲೇ ಅದು ದೀರ್ಘಕಾಲ ಬಾಳುತ್ತದೆ. ಅದರ ದೊಡ್ಡ ಶತ್ರು ಕಿಲೋಮೀಟರಲ್ಲ, ಕಾವು. ಅನೇಕ ಕಾರುಗಳಲ್ಲಿ ಬ್ಯಾಟರಿ ತಂಪಾಗುವುದು ನಾವು ಕುಳಿತ ಕೋಣೆಯ ಗಾಳಿಯಿಂದಲೇ. ಎ.ಸಿ. ಆರಿಸಿದಾಗ ನಾವು ಬ್ಯಾಟರಿಯನ್ನೂ ಬೇಯಿಸಿದಂತಾಯಿತು.

"ನಮ್ಮ ಮಲೆನಾಡಿನಲ್ಲಿ ಆ ಬಿಸಿಲೆಲ್ಲಿದೆ?" ಎನ್ನಬಹುದು. ನಮ್ಮಲ್ಲಿ ಕೇಡು ಮಳೆಗಾಲದಲ್ಲಿದೆ. ವಾರಗಟ್ಟಲೆ ನಿಲ್ಲಿಸಿದ ಕಾರಿನ 12 ವೋಲ್ಟಿನ ಸಣ್ಣ ಬ್ಯಾಟರಿ ಇಳಿದುಹೋದರೆ, ದೊಡ್ಡ ಬ್ಯಾಟರಿ ಗಟ್ಟಿಯಾಗಿದ್ದರೂ ಕಾರು ಎಚ್ಚರಗೊಳ್ಳದು. ಮೋಟಾರೇ ವೇಗ ತಗ್ಗಿಸುವುದರಿಂದ ಬ್ರೇಕಿಗೆ ಕೆಲಸ ಕಡಿಮೆ; ತೇವಕ್ಕೆ ಡಿಸ್ಕುಗಳು ತುಕ್ಕು ಹಿಡಿಯುತ್ತವೆ. ಅಡಿಕೆ ಗೋದಾಮಿನ ಪಕ್ಕ ನಿಲ್ಲಿಸಿದರೆ ಇಲಿಗಳು ವೈರು ಕಡಿಯುತ್ತವೆ.

ಆದಕಾರಣ ಬಂಧುಗಳು ಈ ಕೆಲವು ವಿಷಯಗಳನ್ನು ಗಮನಿಸಬೇಕು. ಗಾಳಿಕಿಂಡಿಯ ಮೇಲೆ ಚೀಲ, ಕಂಬಳಿ ಇಡಬೇಡಿ. ವರ್ಷಕ್ಕೊಮ್ಮೆಯಾದರೂ ಕಿಂಡಿ, ಜಾಲರಿ, ಫ್ಯಾನುಗಳನ್ನು ಬಲ್ಲವರಿಂದ ಶುಚಿಮಾಡಿಸಿ. ಇನ್ವರ್ಟರಿಗೆ ಪ್ರತ್ಯೇಕ ಕೂಲೆಂಟ್ ಇರುವ ಕಾರಾದರೆ ಅದನ್ನೂ ನೋಡಿಸಿ. ಎಂಜಿನ್ ಆಯಿಲ್ ಕೈಪಿಡಿಯಲ್ಲಿ ಹೇಳಿದ ದರ್ಜೆಯದ್ದೇ ಇರಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತಿರುವುದರಿಂದ ತರಬೇತಿಯಿಲ್ಲದವರು ಕೈಹಾಕಲೇಬಾರದು.

ಹಳೆಯ ಕಾರು ಕೊಳ್ಳುವವರು ಮೀಟರೊಂದನ್ನೇ ನಂಬದೆ ಬ್ಲಾಕುಗಳ ವೋಲ್ಟೇಜಿನ ವರದಿಯನ್ನು ಕೇಳಬೇಕು. 2022ರ ನಂತರ ಬಂದ ಹೈಬ್ರಿಡ್ ಕಾರುಗಳಲ್ಲಿ ಹಲವಕ್ಕೆ ಬ್ಯಾಟರಿಯ ಮೇಲೆ 8 ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿ ಇದೆ. ಎಷ್ಟು ಉಳಿದಿದೆಯೆಂದು ವಿಚಾರಿಸಿ.

ಗಿಡದ ಎಲೆ ಹಳದಿಯಾಯಿತೆಂದು ಬೇರು ನೋಡದೆ ಕಡಿದುಹಾಕುವ ಬೆಳೆಗಾರ ನಮ್ಮಲ್ಲಿಲ್ಲ. ಕಾರಿನ ವಿಷಯದಲ್ಲೂ ಅದೇ ತಾಳ್ಮೆ ಇರಲಿ ಎಂಬುದೇ ನಮ್ಮ ವಿನಂತಿ.