ಕಸ ಬೀಳುವವರೆಗೆ ಮರಿ ಹಸಿದಿರಬೇಕೇ?

ಮೇಕೆ ಮರಿ ಹಾಕಿ ಅರ್ಧ ಗಂಟೆ ಆಗಿರುವುದಿಲ್ಲ, ಮರಿ ನಡುಗುವ ಕಾಲಿನಲ್ಲೇ ಎದ್ದು ಕೆಚ್ಚಲು ಹುಡುಕಲು ಶುರುಮಾಡುತ್ತದೆ. ಅಷ್ಟರಲ್ಲಿ ಮನೆಯ ಹಿರಿಯರೊಬ್ಬರು ಅದನ್ನು ಎತ್ತಿ ಮಂಕರಿಯ ಕೆಳಗೆ ಹಾಕುತ್ತಾರೆ. 'ಇನ್ನೂ ಕಸ ಬಿದ್ದಿಲ್ಲ, ಈಗಲೇ ಬಾಯಿ ಹಚ್ಚಬಾರದು.' ಕಸ, ಅಂದರೆ ಮಾಸು, ಎರಡು ಗಂಟೆಗೆ ಬೀಳಬಹುದು, ಆರು ಗಂಟೆಗೂ ಬೀಳಬಹುದು. ರಾತ್ರಿ ಈದ ಮೇಕೆಯಾದರೆ ಬೆಳಗಿನವರೆಗೂ ಮರಿ ಮಂಕರಿಯೊಳಗೇ ಅರಚುತ್ತಾ ಇರುತ್ತದೆ.

ಕೊಟ್ಟಿಗೆಯ ನಂಬಿಕೆಗಳಲ್ಲಿ ಎಷ್ಟೋ ನಿರುಪದ್ರವಿ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರೆ ಯಾರಿಗೂ ನಷ್ಟವಿಲ್ಲ. ಇದು ಆ ಜಾತಿಯದಲ್ಲ. ಇದು ಮರಿಯ ಪ್ರಾಣ ತೆಗೆಯುತ್ತದೆ. ಬಯಲುಸೀಮೆಯ ಹಟ್ಟಿಗಳಿಂದ ಹಿಡಿದು, ಸಾಲ ಮಾಡಿ ಹೊಸದಾಗಿ ಎತ್ತರದ ಮರದ ಶೆಡ್ ಕಟ್ಟಿಸಿದ ಓದಿದ ಯುವಕರವರೆಗೂ ಇದನ್ನು ಪಾಲಿಸುವವರಿದ್ದಾರೆ ಎಂಬುದು ನನಗೆ ಇಂದಿಗೂ ಸಹಿಸಲಾಗದ ಸಂಗತಿ.

ಮನುಷ್ಯರ ಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮಾಸಿನ ಮೂಲಕ ಒಂದಷ್ಟು ರೋಗನಿರೋಧಕ ಪ್ರತಿಕಾಯಗಳನ್ನು ಪಡೆದುಕೊಂಡಿರುತ್ತದೆ. ಮೇಕೆ, ಕುರಿ, ಹಸು, ಎಮ್ಮೆಗಳ ಮಾಸಿನ ರಚನೆ ಬೇರೆ. ಅಲ್ಲಿ ತಾಯಿಯ ರಕ್ತಕ್ಕೂ ಮರಿಯ ರಕ್ತಕ್ಕೂ ನಡುವೆ ಇರುವ ಪದರಗಳು ಹೆಚ್ಚು; ಪ್ರತಿಕಾಯದಂಥ ದೊಡ್ಡ ಕಣ ಅವುಗಳನ್ನು ದಾಟಲಾರದು. ಹಾಗಾಗಿ ಮೇಕೆ ಮರಿ ಹುಟ್ಟುವಾಗ ಅದರ ರಕ್ತದಲ್ಲಿ ತಾಯಿ ಕೊಟ್ಟ ರಕ್ಷಣೆ ಇಲ್ಲವೇ ಇಲ್ಲ ಎನ್ನಬಹುದು. ಆ ರಕ್ಷಣೆಯೆಲ್ಲ ಗಿಣ್ಣದ ಹಾಲಿನಲ್ಲಿ ಕಾದಿರುತ್ತದೆ. ಹುಟ್ಟಿದ ಮರಿಯ ಕರುಳು ಕೆಲವೇ ಗಂಟೆಗಳ ಕಾಲ ಆ ಪ್ರತಿಕಾಯಗಳನ್ನು ಒಡೆಯದೆ ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಮೊದಲ ಗಂಟೆಗಳಲ್ಲಿ ಅಗಲವಾಗಿ ತೆರೆದಿರುವ ಈ ಬಾಗಿಲು ಆರು ಗಂಟೆಯ ಹೊತ್ತಿಗಾಗಲೇ ಕಿರಿದಾಗುತ್ತಾ ಬಂದಿರುತ್ತದೆ, 24 ಗಂಟೆಗೆ ಮುಚ್ಚಿಯೇ ಹೋಗುತ್ತದೆ. ಆಮೇಲೆ ಬಿಂದಿಗೆ ತುಂಬ ಗಿಣ್ಣ ಕುಡಿಸಿದರೂ ಅದು ಹೊಟ್ಟೆ ತುಂಬುವ ಆಹಾರ, ಅಷ್ಟೆ.

ಕಾಯುವ ಹೊತ್ತಿನಲ್ಲಿ ಮರಿ ಸುಮ್ಮನಿರುವುದೂ ಇಲ್ಲ. ಹಸಿದ ಬಾಯಿ ಮಂಕರಿಯ ಕಡ್ಡಿ ನೆಕ್ಕುತ್ತದೆ, ನೆಲದ ಹಿಕ್ಕೆ, ಒದ್ದೆ ಗೋಣಿಚೀಲ ನೆಕ್ಕುತ್ತದೆ. ಗಿಣ್ಣ ಹೋಗಬೇಕಿದ್ದ ಕರುಳಿಗೆ ಮೊದಲು ಹೋಗುವುದು ಆ ಕೊಳೆಯಲ್ಲಿರುವ ರೋಗಾಣು. ಅಮೆರಿಕದ ವಿಜ್ಞಾನಿಗಳಾದ ಥಿಯೋಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟಲ್ ಕರುಗಳ ಮೇಲೆ ಪ್ರಯೋಗ ಮಾಡಿ, ಗಿಣ್ಣ ಸಿಗದ ಕರುಗಳು ಕರುಳಿನಿಂದ ರಕ್ತಕ್ಕೆ ನುಗ್ಗಿದ ಬ್ಯಾಕ್ಟೀರಿಯಾದಿಂದ ಸಾಯುತ್ತವೆ ಎಂದು ಬರೆದದ್ದು 1922ರಲ್ಲಿ. ನೂರು ವರ್ಷ ದಾಟಿತು. ಇನ್ನೂ ಎಷ್ಟು ಕಾಲ ಬೇಕು ನಮಗೆ?

ಇನ್ನೊಂದು ವಿಷಯವಿದೆ, ನನಗೆ ಹೆಚ್ಚು ಸಿಟ್ಟು ಬರುವುದು ಇದಕ್ಕೇ. ಮರಿ ಮೊಲೆಗೆ ಬಾಯಿ ಹಚ್ಚಿ ಗುದ್ದಿ ಗುದ್ದಿ ಚೀಪಿದಾಗ ತಾಯಿಯ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬರುತ್ತದೆ. ಹಾಲು ಇಳಿಸುವುದು ಅದೇ, ಗರ್ಭಕೋಶವನ್ನು ಹಿಂಡಿ ಕಸವನ್ನು ಹೊರಗೆ ತಳ್ಳಲು ನೆರವಾಗುವುದೂ ಅದೇ. ಎಂದರೆ ಕಸ ಬೇಗ ಬೀಳಲಿ ಎಂದು ಮರಿಯನ್ನು ದೂರವಿಡುವವರು, ಕಸ ಬೀಳಲು ಸಹಾಯವಾಗುವ ಕೆಲಸವನ್ನೇ ತಡೆಯುತ್ತಿದ್ದಾರೆ. ನಂಬಿಕೆ ತಪ್ಪು ಮಾತ್ರವಲ್ಲ, ಪೂರ್ತಿ ತಿರುಗುಮುರುಗು.

ಹಾಗಿದ್ದರೂ ಇದು ಹೇಗೆ ಉಳಿದುಕೊಂಡಿದೆ? ಕಸ ಬಹುಪಾಲು ಮೇಕೆಗಳಲ್ಲಿ ತಾನಾಗಿಯೇ ಬೀಳುತ್ತದೆ. ಮರಿಯನ್ನು ಕಟ್ಟಿಹಾಕಿದ ಮನೆಯಲ್ಲೂ ಬೀಳುತ್ತದೆ, ಕುಡಿಸಿದ ಮನೆಯಲ್ಲೂ ಬೀಳುತ್ತದೆ. ಕಟ್ಟಿಹಾಕಿದವರು 'ನೋಡಿ, ಕಾದಿದ್ದಕ್ಕೆ ಬಿತ್ತು' ಎನ್ನುತ್ತಾರೆ. ಮರಿಯಾದರೋ ಅವತ್ತೇ ಸಾಯುವುದಿಲ್ಲ. ಮೂರನೆಯ ದಿನ ಭೇದಿ ಹತ್ತುತ್ತದೆ, ಇಲ್ಲವೆ ವಾರದ ಮೇಲೆ ಮಂಡಿ ಊದುತ್ತದೆ, ಕೆಮ್ಮು ಹಿಡಿಯುತ್ತದೆ. ಆ ಹೊತ್ತಿಗೆ ಮಂಕರಿಯೊಳಗೆ ಕಳೆದ ಮೊದಲ ರಾತ್ರಿ ಯಾರಿಗೂ ನೆನಪಿಲ್ಲ. ಪಕ್ಕದ ಮನೆಯವರ ದೃಷ್ಟಿ ತಾಗಿತು ಎಂದೋ, ಮಾರಮ್ಮನಿಗೆ ಹರಕೆ ಬಾಕಿಯಿತ್ತು ಎಂದೋ, ತಾಯಿ ಹಾಲೇ ಕೆಟ್ಟದ್ದು ಎಂದೋ ಸಮಾಧಾನ ಹುಡುಕುತ್ತಾರೆ. ಕೊನೆಯದು ಎಲ್ಲಕ್ಕಿಂತ ಅನ್ಯಾಯದ ಮಾತು. ಗಿಣ್ಣ ಗಟ್ಟಿ, ಅದರಿಂದಲೇ ಮರಿಗೆ ಭೇದಿ ಎಂದು ಹೇಳಿ ಅದನ್ನು ನೆಲಕ್ಕೆ ಹಿಂಡಿ ಚೆಲ್ಲುವವರೂ ಇದ್ದಾರೆ. ಹುಟ್ಟಿದ ಮರಿಯ ಹೊಟ್ಟೆಯಲ್ಲಿರುವ ಅಂಟಾದ ಮೊದಲ ಮಲ ಸಲೀಸಾಗಿ ಹೊರಬರುವುದೇ ಗಿಣ್ಣದಿಂದ. ಹಸುವಿನ ಗಿಣ್ಣಕ್ಕೆ ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿ ಅಕ್ಕಪಕ್ಕದ ಮನೆಗಳಿಗೆಲ್ಲ ಪ್ರೀತಿಯಿಂದ ಹಂಚುವ ಜನ ನಾವು. ಅದರ ನಿಜವಾದ ಹಕ್ಕುದಾರನಿಗೆ ಅದು ವಿಷ ಎಂದು ನಂಬುವುದಾದರೂ ಹೇಗೆ?

ಮಾಡಬೇಕಾದ್ದು ಇಷ್ಟೆ. ಕೆಚ್ಚಲನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಒರೆಸಿ, ಎರಡೂ ಮೊಲೆಯಿಂದ ಒಂದೆರಡು ಧಾರೆ ಹಿಂಡಿ, ತುದಿಯಲ್ಲಿ ಕಟ್ಟಿಕೊಂಡ ಮೇಣದಂಥ ಬೆಣೆ ಹೊರಬಂದಿದೆಯೇ ನೋಡಿ, ಮರಿಯನ್ನು ಹಚ್ಚಿ. ಮೊದಲ ಒಂದೆರಡು ಗಂಟೆಯೊಳಗೆ, ಎರಡು ಕಿಲೋ ತೂಗುವ ಮರಿಗೆ ಸುಮಾರು 100 ಮಿಲಿಲೀಟರ್ ಹೊಟ್ಟೆ ಸೇರಲಿ. ಮೊದಲ ದಿನದೊಳಗೆ ತೂಕದ ಹತ್ತನೇ ಒಂದು ಭಾಗವಾದರೂ ಆಗಲಿ. ಅವಳಿ ಮರಿಗಳಿದ್ದರೆ ಬಡಕಲು ಮರಿಯನ್ನು ಮೊದಲು ಹಚ್ಚಿ. ಗಟ್ಟಿಯದು ಹೇಗೂ ದಾರಿ ಮಾಡಿಕೊಳ್ಳುತ್ತದೆ. ಮಾಗಿಯ ಚಳಿಯಲ್ಲಿ ಹುಟ್ಟಿದ ಮರಿಯ ಬಾಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ, ಹಾಲಿಗಿಂತ ಮೊದಲು ಒಣ ಬಟ್ಟೆಯಲ್ಲಿ ಉಜ್ಜಿ ಮೈ ಬೆಚ್ಚಗೆ ಮಾಡಬೇಕು. ತಣ್ಣಗಾದ ಮರಿಗೆ ಚೀಪುವ ಶಕ್ತಿ ಇರುವುದಿಲ್ಲ, ಒತ್ತಾಯದಿಂದ ಹುಯ್ದ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ತಾಯಿ ಸತ್ತಿದ್ದರೆ ಅದೇ ದಿನ ಈದ ಬೇರೆ ಮೇಕೆಯ ಗಿಣ್ಣ ಆಗುತ್ತದೆ, ಅದೂ ಸಿಗದಿದ್ದರೆ ಹಸುವಿನದು. ಕುದಿಸಬೇಡಿ. ಕುದಿಸಿದರೆ ಗಿಣ್ಣ ಗಟ್ಟಿಯಾಗುವಾಗಲೇ ಪ್ರತಿಕಾಯಗಳೂ ಕೆಡುತ್ತವೆ.

ಗಬ್ಬದ ಮೇಕೆಗೆ ಚುಚ್ಚುಮದ್ದು ಹಾಕಿಸಿದರೆ ಕಂದು ಹಾಕುತ್ತದೆ ಎಂಬ ಭಯವೂ ಇದೇ ಬಳ್ಳಿಯ ಇನ್ನೊಂದು ಕಾಯಿ. ಮರಿ ಹಾಕಲು ಸುಮಾರು ಒಂದು ತಿಂಗಳು ಇರುವಾಗ ಕರುಳುಬೇನೆ ಲಸಿಕೆ ಹಾಕಿಸಿದರೆ ತಾಯಿಯ ಮೈಯಲ್ಲಿ ಹುಟ್ಟುವ ಪ್ರತಿಕಾಯ ಗಿಣ್ಣಕ್ಕೆ ಇಳಿದು ಮರಿಯನ್ನು ಮೊದಲ ವಾರಗಳಲ್ಲಿ ಕಾಯುತ್ತದೆ. ಮೇಕೆಯನ್ನು ಅಟ್ಟಾಡಿಸಿ ಕೆಡವಿ ಹಿಡಿದರೆ ಕಂದು ಹಾಕೀತು. ಅದು ಹಿಡಿದವರ ತಪ್ಪು, ಲಸಿಕೆಯದಲ್ಲ.

ಕೊನೆಯ ತಿಂಗಳಲ್ಲಿ ಮೇವು ಕಡಿಮೆ ಮಾಡಿದರೆ ಮರಿ ಸಣ್ಣದಾಗಿ ಸುಲಭವಾಗಿ ಈಯುತ್ತದೆ ಎನ್ನುವವರಿಗೆ: ಸುಮಾರು 150 ದಿನಗಳ ಗಬ್ಬದಲ್ಲಿ ಮರಿಯ ಬೆಳವಣಿಗೆಯ ಬಹುಪಾಲು ಆಗುವುದು ಕೊನೆಯ 50 ದಿನಗಳಲ್ಲಿ. ಆಗ ಹಸಿದ ಮೇಕೆ, ಅದರಲ್ಲೂ ಅವಳಿ ಹೊತ್ತದ್ದು, ತನ್ನ ಮೈಯ ಕೊಬ್ಬನ್ನೇ ಕರಗಿಸಿಕೊಂಡು ನಂಜಾಗಿ ನೆಲ ಹಿಡಿಯುತ್ತದೆ. ಹುಟ್ಟಿದ ಮರಿಯ ಹೊಕ್ಕುಳಿಗೆ ಸಗಣಿ, ಬೂದಿ ಮೆತ್ತಬೇಡಿ, ಧನುರ್ವಾಯುವಿನ ಬೀಜ ಇರುವುದೇ ಅಲ್ಲಿ. ಟಿಂಕ್ಚರ್ ಅಯೋಡಿನ್ ಹಚ್ಚಿ. ಹೆರಿಗೆಯಲ್ಲಿ ಮರಿಯ ಹಿಂಗಾಲು ಮೊದಲು ಬಂದರೆ ಅಪಶಕುನವಲ್ಲ, ಎರಡೂ ಹಿಂಗಾಲು ನೆಟ್ಟಗೆ ಬಂದರೆ ಅದೂ ಸಹಜ ಹೆರಿಗೆಯೇ. ಬಾಲ ಮಾತ್ರ ಕಂಡು ಕಾಲು ಕಾಣದಿದ್ದರೆ, ತಲೆ ಬಂದು ಕಾಲು ಬಾರದಿದ್ದರೆ ಆಗ ಗಾಬರಿಯಾಗಬೇಕು. ಜೋರಾಗಿ ತಿಣುಕಲು ಶುರುಮಾಡಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಆದರೂ ಮುಂದುವರಿಯದಿದ್ದರೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಗಾಡಿ ಇರುವುದೇ ಇದಕ್ಕೆ. ಔಷಧಿ ಅಂಗಡಿಯಿಂದ 'ನೋವು ಬರಿಸುವ ಇಂಜೆಕ್ಷನ್' ತಂದು ಯಾರಾದರೂ ಚುಚ್ಚಲು ಬಂದರೆ ಬಾಗಿಲಲ್ಲೇ ತಡೆಯಿರಿ. ಮರಿ ಅಡ್ಡ ಸಿಕ್ಕಿಕೊಂಡಿರುವಾಗ ಗರ್ಭಕೋಶವನ್ನು ಬಲವಂತದಿಂದ ಹಿಂಡಿಸಿದರೆ ಅದು ಹರಿದುಹೋಗುತ್ತದೆ.

ಕಸ ನೇತಾಡುತ್ತಿದ್ದರೆ ಅದಕ್ಕೆ ಹಳೇ ಚಪ್ಪಲಿ, ಪೊರಕೆ, ಕಲ್ಲು ಕಟ್ಟುವ ಪದ್ಧತಿ ಇನ್ನೂ ಹೋಗಿಲ್ಲ. ಮಾಸು ಗರ್ಭಕೋಶದ ಒಳಗೋಡೆಗೆ ಹತ್ತಾರು ಗುಂಡಿಗಳಲ್ಲಿ ಅಂಟಿಕೊಂಡಿರುತ್ತದೆ. ಒಂದೊಂದೂ ಬಿಡಿಸಿಕೊಳ್ಳಲು ಹೊತ್ತು ಬೇಕು. ಭಾರ ಕಟ್ಟಿ ಎಳೆದರೆ ಅರ್ಧ ಹರಿದು ಒಳಗೇ ಉಳಿದು ಕೊಳೆಯುತ್ತದೆ, ರಕ್ತ ಸುರಿಯುತ್ತದೆ, ಒಮ್ಮೊಮ್ಮೆ ಗರ್ಭಕೋಶವೇ ಮಗುಚಿಕೊಂಡು ಹೊರಗೆ ಬರುತ್ತದೆ. ಹನ್ನೆರಡು ಗಂಟೆ ಕಳೆದರೂ ಬೀಳದಿದ್ದರೆ ಡಾಕ್ಟರನ್ನು ಕರೆಸಿ. ಬಿದ್ದ ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಗುಂಡಿ ತೆಗೆದು ಆಳವಾಗಿ ಹೂಳಿ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಮೇಕೆಯ ಹೆರಿಗೆಯ ಕೆಲಸಕ್ಕೆ ಅವರನ್ನು ಕರೆಯಲೇಬೇಡಿ. ಬ್ರುಸೆಲ್ಲಾ ಎಂಬ ರೋಗಾಣು ಮೇಕೆಯಿಂದ ಮನುಷ್ಯರಿಗೆ ದಾಟುವ ದಾರಿಗಳಲ್ಲಿ ಕಸ ಮುಟ್ಟುವುದೂ ಒಂದು. ತಿಂಗಳುಗಟ್ಟಲೆ ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು ಅದರಿಂದ. ಚಪ್ಪಲಿ ಕಟ್ಟುವುದನ್ನು ಕಲಿಸಿದ ಹಿರಿಯರು ಇದೊಂದನ್ನು ಕಲಿಸಿದ್ದರೆ ಎಷ್ಟೋ ಮನೆಗಳು ಉಳಿದಿರುತ್ತಿದ್ದವು.

ಹಳ್ಳಿಯ ಹಿರಿಯರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಅವರಿಗೆ ತಿಳಿಸಿ ಹೇಳಿದವರು ಕಡಿಮೆ. ಅಂಗವಿಕಲ ಮರಿ ಹುಟ್ಟಿದಾಗ ಕ್ಯಾಮೆರಾ ಹಿಡಿದುಕೊಂಡು ಓಡಿಬಂದು 'ಮನುಷ್ಯನ ಮುಖದ ಮೇಕೆ ಮರಿ' ಎಂದು ದಿನವಿಡೀ ತೋರಿಸುವವರು ಓದಿದವರು. ಅದಕ್ಕೆ ಕುಂಕುಮ ಹಚ್ಚಿ ಕಾಸು ಹಾಕುವ ಜನರ ಪಕ್ಕದಲ್ಲಿ ಒಬ್ಬ ಪಶುವೈದ್ಯರನ್ನು ನಿಲ್ಲಿಸಿ ಎರಡು ಮಾತು ಕೇಳುವ ಕೆಲಸ ಅವರಿಗೆ ಬೇಡ. ಗ್ರಹಣದ ದಿನ ಗಬ್ಬದ ಮೇಕೆ ಹೊರಗಿತ್ತು ಎಂಬ ವಿವರಣೆ ಸಿಕ್ಕಿದರೆ ಸಾಕು, ಸುದ್ದಿ ಮುಗಿಯಿತು. ಅಮೆರಿಕದ ಐಡಾಹೋ ಬೆಟ್ಟಗಳಲ್ಲಿ 1950ರ ದಶಕದಲ್ಲಿ ಕುರಿಗಳಿಗೆ ಹಣೆಯ ನಡುವೆ ಒಂದೇ ಕಣ್ಣಿರುವ ಮರಿಗಳು ಹುಟ್ಟುತ್ತಿದ್ದವು. ಅಲ್ಲಿನ ಕೃಷಿ ಇಲಾಖೆಯ ವಿಜ್ಞಾನಿಗಳು ಕುರಿಗಳ ಜೊತೆಗೇ ಹೋಗಿ ಅವು ಏನು ಮೇಯುತ್ತವೆ ಎಂದು ನೋಡಿದರು. ಬೆಟ್ಟದ ಹುಲ್ಲುಗಾವಲಿನಲ್ಲಿ ಬೆಳೆಯುವ ಕಾರ್ನ್ ಲಿಲಿ ಎಂಬ ಗಿಡವನ್ನು ಗಬ್ಬದ ಹದಿನಾಲ್ಕನೆಯ ದಿನದ ಸುಮಾರಿಗೆ ತಿಂದರೆ ಮರಿ ಹಾಗಾಗುತ್ತದೆ ಎಂದು ಗೊತ್ತಾಯಿತು. ಗಬ್ಬದ ಆ ಮೊದಲ ವಾರಗಳಲ್ಲಿ ಕುರಿಗಳನ್ನು ಆ ಗಿಡವಿರುವ ಜಾಗಕ್ಕೆ ಬಿಡದಿರುವುದೇ ಪರಿಹಾರವಾಯಿತು.

ನಮ್ಮ ಹಟ್ಟಿಗಳಲ್ಲಿ ಆ ಗಿಡವಿಲ್ಲ. ಆದರೆ ವರ್ಷಾನುಗಟ್ಟಲೆ ಒಂದೇ ಹೋತವನ್ನು ಇಟ್ಟುಕೊಂಡು, ಅದರ ಮಕ್ಕಳಿಗೂ ಮೊಮ್ಮಕ್ಕಳಿಗೂ ಅದನ್ನೇ ಬಿಡುವ ಅಭ್ಯಾಸವಿದೆ. ರಕ್ತಸಂಬಂಧದಲ್ಲೇ ಮರಿ ಬೆಳೆಸುತ್ತಾ ಹೋದರೆ ಊನವಿರುವ, ಬಲವಿಲ್ಲದ ಮರಿಗಳು ಹೆಚ್ಚುತ್ತವೆ. ಅಂಥ ಮರಿ ಹುಟ್ಟಿದ ಮನೆಯವರು ಪಂಚಾಂಗ ತೆಗೆಯುವ ಮೊದಲು ಆ ಹೋತ ಯಾವ ಮೇಕೆಯ ಮಗ ಎಂದು ಕೇಳಿಕೊಳ್ಳಲಿ, ಎರಡು ವರ್ಷಕ್ಕೊಮ್ಮೆಯಾದರೂ ಬೇರೆ ಊರಿನ ಹೋತವನ್ನು ತರಲಿ.